ಇಷ್ಟು ಬಿಸಿಲಿದ್ದರೂ ಎಲೆ ಅದನ್ನು ಬಳಸುತ್ತಿಲ್ಲವೇ? ದ್ರಾಕ್ಷಿ ಬೆಳೆಗಾರರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮೇಡಂ, ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಲ್ಲಿ ನಮ್ಮದು ನಾಲ್ಕು ಎಕರೆ ದ್ರಾಕ್ಷಿ ಪಡ ಇದೆ. ಥಾಮ್ಸನ್ ಮತ್ತು ಸೋನಾಕಾ ಹಾಕಿದ್ದೇವೆ. ಹೋದ ತಿಂಗಳು ಏಜೆಂಟರೊಬ್ಬರು ಬಂದು ಪಾಚಿಯಿಂದ ತಯಾರಿಸಿದ ದ್ರಾವಣವೊಂದನ್ನು ತೋರಿಸಿದರು. ಲೀಟರಿಗೆ 1,800 ರೂಪಾಯಿ. ಇದರಲ್ಲಿರುವ ಜೀವಂತ ಪಾಚಿ ಎಲೆಯ ಮೇಲೆ ಕುಳಿತು ತಾನೂ ಆಹಾರ ತಯಾರಿಸಿ ಬಳ್ಳಿಗೆ ಕೊಡುತ್ತದೆ, ನಿಮ್ಮ ಕಡೆಯ ಬಿಸಿಲಿನಲ್ಲಿ ಅರ್ಧಕ್ಕಿಂತ ಹೆಚ್ಚು ವ್ಯರ್ಥವಾಗುತ್ತಿದೆ, ಅಮೆರಿಕದ ವಿಜ್ಞಾನಿಗಳು ಪಾಚಿಯ ಮೇಲೆ ಸಂಶೋಧನೆ ಮಾಡಿ ಇಳುವರಿಯನ್ನು ಶೇ 30ರಷ್ಟು ಹೆಚ್ಚಿಸಿದ್ದಾರೆ ಎಂದರು. ಬಿಸಿಲು ವ್ಯರ್ಥವಾಗುವುದು ನಿಜವಿರಬಹುದೆಂದು ನನಗೂ ಅನಿಸುತ್ತದೆ, ಏಕೆಂದರೆ ಬೇಸಿಗೆಯ ಮಧ್ಯಾಹ್ನ ನಮ್ಮ ಬಳ್ಳಿಯ ಎಲೆಗಳು ಜೋಲು ಬೀಳುತ್ತವೆ, ಆದರೆ ಬದುವಿನಾಚೆ ನಮ್ಮ ಕಾಕಾನ ಕಬ್ಬು ಸೆಟೆದು ನಿಂತಿರುತ್ತದೆ. ನೆರಳು ಪರದೆ ಕಟ್ಟಿಸಬೇಕೇ? ಇನ್ನೊಂದು ವಿಷಯ. ನಮ್ಮ ಕೃಷಿ ಹೊಂಡದ ನೀರು ದಟ್ಟ ಹಸಿರಾಗಿದೆ. ಪಾಚಿ ಆಮ್ಲಜನಕ ಕೊಡುತ್ತದೆ, ತೆಗೆಯಬೇಡಿ ಎಂದು ಅದೇ ಏಜೆಂಟರು ಹೇಳಿದರು. ಆದರೆ ಹೋದ ವಾರ ಬೆಳಗಿನ ಜಾವ ಹೊಂಡದ ಮೀನುಗಳು ಸತ್ತು ತೇಲಿದವು. ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತು (ತಾಮ್ರದ ಸಲ್ಫೇಟ್) ಮನೆಯಲ್ಲಿದೆ, ಅದನ್ನು ಹೊಂಡಕ್ಕೆ ಹಾಕಬಹುದೇ?

ಉತ್ತರ: ನೀವು ಕೇಳಿರುವುದು ದ್ರಾವಣ, ಜೋಲುವ ಎಲೆ, ಹೊಂಡದ ಪಾಚಿ ಎಂಬ ಮೂರು ವಿಷಯಗಳಂತೆ ಕಂಡರೂ ಮೂರರ ಹಿಂದೆಯೂ ಒಂದೇ ಪ್ರಶ್ನೆ ಇದೆ: ಹಸಿರು ಜೀವಿಗೆ ಬಿಸಿಲು ಹೆಚ್ಚು ಸಿಕ್ಕಷ್ಟೂ ಅದರ ದುಡಿಮೆ ಹೆಚ್ಚುತ್ತದೆಯೇ? ನಾನು ಪಾಚಿ ಮತ್ತು ಗಿಡಗಳ ದ್ಯುತಿಸಂಶ್ಲೇಷಣೆಯನ್ನೇ ಅಭ್ಯಾಸ ಮಾಡಿಕೊಂಡು ಬಂದವಳಾದ್ದರಿಂದ ಈ ಪ್ರಶ್ನೆ ನನ್ನ ನಿತ್ಯದ ಕೆಲಸ. ಏಜೆಂಟರ ಮಾತಿನಲ್ಲಿ ಪೂರ್ತಿ ನಿಜವಾದ ಸಂಗತಿಗಳಿವೆ, ಪೂರ್ತಿ ಸುಳ್ಳಾದವೂ ಇವೆ, ಮತ್ತು ನಿಜದ ಬಲದ ಮೇಲೆಯೇ ಸುಳ್ಳು ಮಾರಾಟವಾಗುತ್ತಿರುವುದರಿಂದ ಅವೆರಡನ್ನೂ ಸಾವಕಾಶವಾಗಿ ಬಿಡಿಸಿ ನೋಡಬೇಕಾಗುತ್ತದೆ.

ಮೊದಲು ನಿಜವಾದದ್ದನ್ನು ಒಪ್ಪಿಕೊಳ್ಳೋಣ. ಬಿಸಿಲಿನ ಬಹುಪಾಲು ಎಲೆಗೆ ಉಪಯೋಗವಾಗುವುದಿಲ್ಲ ಎಂಬುದು ಸರಿಯಾದ ಮಾತು. ದ್ರಾಕ್ಷಿಯಂಥ ಬೆಳೆಯ ಒಂದು ಎಲೆಯನ್ನು ಸೂರ್ಯನಿಗೆ ನೇರವಾಗಿ ಹಿಡಿದರೆ, ನಡು ಮಧ್ಯಾಹ್ನದ ಬೆಳಕಿನ ಮೂರನೆಯ ಒಂದರಿಂದ ಅರ್ಧದಷ್ಟರಲ್ಲೇ ಅದರ ದ್ಯುತಿಸಂಶ್ಲೇಷಣೆಯ ವೇಗ ಗರಿಷ್ಠ ಮಟ್ಟ ಮುಟ್ಟಿ ನಿಂತುಬಿಡುತ್ತದೆ. ಅದಕ್ಕಿಂತ ಹೆಚ್ಚಿನ ಬೆಳಕು ಎಲೆಯ ಮೇಲೆ ಬೀಳುತ್ತದೆ, ಪತ್ರಹರಿತ್ತು ಅದನ್ನು ಹೀರಿಕೊಳ್ಳುತ್ತದೆ ಕೂಡ, ಆದರೆ ಅದರಿಂದ ಒಂದು ಕಣ ಸಕ್ಕರೆಯೂ ಹೆಚ್ಚಾಗಿ ಹುಟ್ಟುವುದಿಲ್ಲ. ಇಡೀ ಬೆಳೆಗಾಲದ ಲೆಕ್ಕ ಹಿಡಿದರೆ, ಹೊಲಕ್ಕೆ ಬಿದ್ದ ಸೌರಶಕ್ತಿಯಲ್ಲಿ ದ್ರಾಕ್ಷಿ, ಗೋಧಿ, ತೊಗರಿಯಂಥ ಬೆಳೆಗಳು ಸೈದ್ಧಾಂತಿಕವಾಗಿ ಶೇ 4.6ರಷ್ಟನ್ನು, ಕಬ್ಬು, ಜೋಳದಂಥ ಬೆಳೆಗಳು ಶೇ 6ರಷ್ಟನ್ನು ಮಾತ್ರ ಸಸ್ಯದ್ರವ್ಯವಾಗಿ ಹಿಡಿದಿಡಬಲ್ಲವು. ವಾಸ್ತವದ ಹೊಲಗಳಲ್ಲಿ ಈ ಪ್ರಮಾಣ ಇದರ ಅರ್ಧಕ್ಕಿಂತಲೂ ಕಡಿಮೆಯಿರುವುದೇ ಸಾಮಾನ್ಯ.

ಹಾಗಿದ್ದರೆ ತಡೆ ಎಲ್ಲಿದೆ? ದ್ಯುತಿಸಂಶ್ಲೇಷಣೆಯಲ್ಲಿ ಎರಡು ಕೆಲಸಗಳು ಒಂದಕ್ಕೊಂದು ಜೋಡಿಕೊಂಡು ನಡೆಯುತ್ತವೆ. ಮೊದಲನೆಯದರಲ್ಲಿ ಬೆಳಕಿನ ಶಕ್ತಿಯಿಂದ ನೀರು ಒಡೆದು ಆಮ್ಲಜನಕ ಹೊರಬರುತ್ತದೆ. ಈ ಆಮ್ಲಜನಕ ನೀರಿನಿಂದಲೇ ಬರುವುದೆಂಬುದನ್ನು 1941ರಲ್ಲಿ ಸ್ಯಾಮ್ ರೂಬೆನ್ ಮತ್ತು ಮಾರ್ಟಿನ್ ಕಾಮೆನ್ ಅವರ ತಂಡ ಭಾರವಾದ ಆಮ್ಲಜನಕವಿದ್ದ ನೀರನ್ನು ಕ್ಲೋರೆಲ್ಲಾ ಎಂಬ ಹಸಿರು ಪಾಚಿಗೆ ಕೊಟ್ಟು ತೋರಿಸಿತು. ಎರಡನೆಯ ಕೆಲಸದಲ್ಲಿ, ಹೀಗೆ ಸಿಕ್ಕ ಶಕ್ತಿಯನ್ನು ಬಳಸಿ ಗಾಳಿಯ ಇಂಗಾಲದ ಡೈಆಕ್ಸೈಡ್ ಅನ್ನು ಸಕ್ಕರೆಯಾಗಿ ಕಟ್ಟಲಾಗುತ್ತದೆ. ಈ ಎರಡನೆಯ ಮಾರ್ಗವನ್ನು ಹೆಜ್ಜೆ ಹೆಜ್ಜೆಯಾಗಿ ಗುರುತಿಸಿದ್ದೂ ಪಾಚಿಗಳಲ್ಲಿಯೇ, ಮತ್ತು ಅದಕ್ಕಾಗಿ ಮೆಲ್ವಿನ್ ಕೆಲ್ವಿನ್ ಅವರಿಗೆ 1961ರಲ್ಲಿ ರಸಾಯನಶಾಸ್ತ್ರದ ನೊಬೆಲ್ ದೊರೆಯಿತು. ಬೆಳಕನ್ನು ಹಿಡಿಯುವ ಕೆಲಸ ಬಹಳ ಚುರುಕು. ಆದರೆ ಇಂಗಾಲವನ್ನು ಹಿಡಿಯುವ ರುಬಿಸ್ಕೊ ಎಂಬ ಕಿಣ್ವದ ಒಂದೊಂದು ಕ್ರಿಯಾಸ್ಥಾನವೂ ಸೆಕೆಂಡಿಗೆ ಮೂರು ಅಣುಗಳಷ್ಟನ್ನು ಮಾತ್ರ ನಿಭಾಯಿಸುತ್ತದೆ. ಅಲ್ಲದೆ ಅದು ಇಂಗಾಲದ ಡೈಆಕ್ಸೈಡ್ ಹಿಡಿಯಬೇಕಾದ ಜಾಗದಲ್ಲಿ ಆಗಾಗ ಆಮ್ಲಜನಕವನ್ನು ಹಿಡಿದುಬಿಡುತ್ತದೆ, ಮತ್ತು ಆ ತಪ್ಪನ್ನು ಸರಿಪಡಿಸಲು ಗಿಡ ಈಗಾಗಲೇ ಗಳಿಸಿದ ಇಂಗಾಲದಲ್ಲಿ ಒಂದು ಪಾಲನ್ನು ಕಳೆದುಕೊಳ್ಳಬೇಕಾಗುತ್ತದೆ. ಬಿಸಿ ಏರಿದಷ್ಟೂ ಈ ತಪ್ಪು ಹೆಚ್ಚುತ್ತದೆ. ನಿಮ್ಮ ಹೊಲದಲ್ಲಿ ಕೊರತೆಯಿರುವುದು ಬೆಳಕಿನದಲ್ಲ. ಇಂಗಾಲ ಒಳಬರುವ ದಾರಿ ಮತ್ತು ಅದನ್ನು ಹಿಡಿಯುವ ವೇಗ ಚಿಕ್ಕದಾಗಿವೆ.

ಈಗ ಉಳಿದ ಬೆಳಕಿನ ಗತಿಯೇನು ಎಂಬ ಪ್ರಶ್ನೆ ಬರುತ್ತದೆ, ಮತ್ತು ಏಜೆಂಟರು ಹೆಸರು ಹೇಳದೆ ಬಳಸಿಕೊಂಡ ಸಂಶೋಧನೆ ಇರುವುದು ಇಲ್ಲಿಯೇ. ಅದನ್ನು ನಮ್ಮ ಆಲಮಟ್ಟಿಯ ಉದಾಹರಣೆಯಿಂದ ಹೇಳಿದರೆ ನಿಮಗೆ ಸುಲಭವಾಗಿ ತಿಳಿಯುತ್ತದೆ. ಮಳೆಗಾಲದಲ್ಲಿ ಕೃಷ್ಣೆಯ ಒಳಹರಿವು ಏರಿದಾಗ ವಿದ್ಯುದಾಗಾರದ ಟರ್ಬೈನುಗಳು ತಮ್ಮ ಶಕ್ತಿಯಿದ್ದಷ್ಟು ನೀರನ್ನು ಮಾತ್ರ ಬಳಸಿಕೊಳ್ಳಬಲ್ಲವು. ಉಳಿದ ನೀರನ್ನು ಜಲಾಶಯದ 26 ಕ್ರೆಸ್ಟ್ ಗೇಟುಗಳ ಮೂಲಕ ಹೊರಬಿಡದೆ ಹೋದರೆ ಅಣೆಕಟ್ಟೆಗೇ ಅಪಾಯ. ಎಲೆಯೂ ಹೀಗೆಯೇ ಮಾಡುತ್ತದೆ. ಬಳಸಲಾಗದ ಬೆಳಕಿನ ಶಕ್ತಿ ಪತ್ರಹರಿತ್ತಿನಲ್ಲಿ ನಿಂತರೆ ಅದು ಆಮ್ಲಜನಕವನ್ನು ಕೆರಳಿಸಿ, ಆ ಕೆರಳಿದ ಆಮ್ಲಜನಕ ಸುತ್ತಲಿನ ಪ್ರೋಟೀನುಗಳನ್ನೂ ಪೊರೆಗಳನ್ನೂ ಸುಟ್ಟುಹಾಕುತ್ತದೆ. ಅದನ್ನು ತಡೆಯಲು ಎಲೆ ತನ್ನ ಗೇಟುಗಳನ್ನು ತೆರೆದು ಹೆಚ್ಚಿನ ಶಕ್ತಿಯನ್ನು ಬರಿಯ ಶಾಖವಾಗಿ ಹೊರಹಾಕುತ್ತದೆ. ಎಲೆಯಲ್ಲಿರುವ ಹಳದಿ ಬಣ್ಣದ ದ್ರವ್ಯವೊಂದು ತೀವ್ರ ಬೆಳಕಿನಲ್ಲಿ ಇನ್ನೊಂದು ರೂಪಕ್ಕೆ ತಿರುಗಿ ಈ ಗೇಟು ತೆರೆಯಲು ನೆರವಾಗುತ್ತದೆ, ಬೆಳಕು ತಗ್ಗಿದಾಗ ಹಳೆಯ ರೂಪಕ್ಕೆ ಮರಳುತ್ತದೆ. ಏಜೆಂಟರು ವ್ಯರ್ಥವೆಂದು ಕರೆದದ್ದರಲ್ಲಿ ಬಹುಭಾಗ ಹೀಗೆ ಎಲೆ ತನ್ನ ಜೀವ ಉಳಿಸಿಕೊಳ್ಳಲು ಹೊರಗೆ ಬಿಟ್ಟದ್ದು.

ಈ ಗೇಟಿನ ಒಳಗುಟ್ಟನ್ನು ಬಿಡಿಸಿದವರಲ್ಲಿ ಮುಖ್ಯರು ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಕೃಷ್ಣ ನಿಯೋಗಿ. ಅವರು ಕ್ಲಾಮಿಡೊಮೊನಾಸ್ ಎಂಬ ಏಕಕೋಶದ ಹಸಿರು ಪಾಚಿಯನ್ನೂ, ಅರಾಬಿಡೋಪ್ಸಿಸ್ ಎಂಬ ಸಾಸಿವೆ ಜಾತಿಯ ಸಣ್ಣ ಗಿಡವನ್ನೂ ಜೊತೆಜೊತೆಯಾಗಿ ಅಭ್ಯಾಸ ಮಾಡಿದರು. ಹೆಚ್ಚಿನ ಬೆಳಕನ್ನು ಶಾಖವಾಗಿ ಬಿಡಲು ಬಾರದ ಗಿಡಗಳನ್ನು ಹುಡುಕಿ, ಅವುಗಳಲ್ಲಿ ಯಾವ ವಂಶವಾಹಿ ಕೆಟ್ಟಿದೆಯೆಂದು ನೋಡುವುದು ಅವರ ವಿಧಾನ. 2000ದಲ್ಲಿ ಅವರ ತಂಡ ಗಿಡಗಳಲ್ಲಿ ಈ ಕೆಲಸಕ್ಕೆ ಪಿಎಸ್‌ಬಿಎಸ್ ಎಂಬ ಪ್ರೋಟೀನ್ ಬೇಕೇ ಬೇಕೆಂದು ಕಂಡುಹಿಡಿಯಿತು. 2009ರಲ್ಲಿ ಪಾಚಿಯಲ್ಲಿ ಇದೇ ಕೆಲಸವನ್ನು ಬೇರೊಂದು ಪ್ರೋಟೀನ್ ಮಾಡುತ್ತದೆಂದೂ, ಬೆಳಕು ತೀವ್ರವಾದಾಗ ಪಾಚಿ ಅದನ್ನು ಹೊಸದಾಗಿ ತಯಾರಿಸಿಕೊಳ್ಳುತ್ತದೆಂದೂ ಗೊತ್ತಾಯಿತು. ಈ ಗೇಟು ನಿಜವಾಗಿ ಬೇಕೇ ಎಂಬ ಅನುಮಾನಕ್ಕೂ ಉತ್ತರ ಸಿಕ್ಕಿದೆ: ಸ್ವೀಡನ್ನಿನ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆ ಪ್ರೋಟೀನ್ ಇಲ್ಲದ ಗಿಡಗಳನ್ನು ಬಯಲಿನ ಏರಿಳಿಯುವ ಬೆಳಕಿನಲ್ಲಿ ಬೆಳೆಸಿದಾಗ ಅವು ಉಳಿದ ಗಿಡಗಳಿಗಿಂತ ಕಡಿಮೆ ಬೀಜ ಕೊಟ್ಟವು.

ಇಳುವರಿ ಹೆಚ್ಚಿಸುವ ವಿಚಾರ ಬಂದದ್ದು ಗೇಟು ಮುಚ್ಚುವ ನಿಧಾನದಿಂದ. ಗೇಟು ತೆರೆಯಲು ಎಲೆಗೆ ಕೆಲವು ಸೆಕೆಂಡುಗಳಿಂದ ನಿಮಿಷ ಸಾಕು, ಆದರೆ ಮುಚ್ಚಲು ಹತ್ತಾರು ನಿಮಿಷ ಹಿಡಿಯುತ್ತದೆ. ಮೋಡವೊಂದು ಸೂರ್ಯನಿಗೆ ಅಡ್ಡ ಬಂದಾಗ, ಅಥವಾ ಗಾಳಿಗೆ ಮೇಲಿನ ಎಲೆ ಸರಿದು ಕೆಳಗಿನ ಎಲೆಯ ಮೇಲೆ ನೆರಳು ಬಿದ್ದಾಗ, ಸಿಗುವ ಕಡಿಮೆ ಬೆಳಕನ್ನೂ ಎಲೆ ಹಳೆಯ ಲೆಕ್ಕದಂತೆ ಹೊರಚೆಲ್ಲುತ್ತಲೇ ಇರುತ್ತದೆ. ಒಳಹರಿವು ತಗ್ಗಿದ ಮೇಲೂ ಗೇಟು ತೆರೆದಿಟ್ಟರೆ ಜಲಾಶಯ ಬರಿದಾಗುವಂತೆ ಇದು. ನಿಯೋಗಿ ಮತ್ತು ಇಲಿನಾಯ್ ವಿಶ್ವವಿದ್ಯಾಲಯದ ಸ್ಟೀಫನ್ ಲಾಂಗ್ ಅವರ ತಂಡಗಳು ಸೇರಿ, ಗೇಟನ್ನು ಬೇಗ ಮುಚ್ಚಿಸುವ ಮೂರು ವಂಶವಾಹಿಗಳನ್ನು ತಂಬಾಕಿಗೆ ಸೇರಿಸಿದಾಗ ಹೊಲದಲ್ಲಿ ಅದರ ಒಣತೂಕ ಸುಮಾರು ಶೇ 15ರಷ್ಟು ಹೆಚ್ಚಿತು. ಇದು ಪ್ರಕಟವಾದದ್ದು 2016ರಲ್ಲಿ. 2022ರಲ್ಲಿ ಪ್ರಕಟವಾದ ಸೋಯಾ ಅವರೆಯ ಪ್ರಯೋಗದಲ್ಲಿ, ಒಂದು ವರ್ಷದ ಬೆಳೆಯಲ್ಲಿ ಕೆಲವು ತಳಿಗಳ ಕಾಳಿನ ಇಳುವರಿ ಶೇ 33ರವರೆಗೂ ಏರಿತು. ನಿಮ್ಮ ಏಜೆಂಟರ ಶೇ 30 ಬಂದಿರುವುದು ಬಹುಶಃ ಇಲ್ಲಿಂದ.

ಆದರೆ ಇದರ ಮುಂದಿನ ಭಾಗವನ್ನು ಅವರು ಹೇಳಲಿಲ್ಲ. ಸೋಯಾದ ಮರುವರ್ಷದ ಪ್ರಯೋಗದಲ್ಲಿ ಗಿಡಗಳು ಗಾಳಿಮಳೆಗೆ ನೆಲಕ್ಕೆ ಒರಗಿ, ಆ ಲಾಭ ಸ್ಪಷ್ಟವಾಗಿ ಕಾಣಲಿಲ್ಲ. ಅದೇ ಮೂರು ವಂಶವಾಹಿಗಳನ್ನು ಬೇರೆ ಸಂಶೋಧಕರು ಅರಾಬಿಡೋಪ್ಸಿಸ್ ಮತ್ತು ಆಲೂಗಡ್ಡೆಯಲ್ಲಿ ಸೇರಿಸಿ ನೋಡಿದಾಗ ಬೆಳವಣಿಗೆ ಹೆಚ್ಚಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಗಿಡದ ವಂಶವಾಹಿಯನ್ನೇ ಬದಲಿಸಿ ಮಾಡಿದ ಕೆಲಸ, ಎಲೆಗೆ ಏನನ್ನೋ ಸಿಂಪಡಿಸಿ ಮಾಡಿದ್ದಲ್ಲ. ಭಾರತದಲ್ಲಿ ವಾಣಿಜ್ಯ ಬೇಸಾಯಕ್ಕೆ ಹೊಲಕ್ಕೆ ಬಂದಿರುವ ಕುಲಾಂತರಿ ಬೆಳೆ 2002ರಲ್ಲಿ ಅನುಮತಿ ಪಡೆದ ಬಿ.ಟಿ. ಹತ್ತಿಯೊಂದೇ. ಈ ಸಂಶೋಧನೆಯ ಫಲ ಯಾವುದೇ ಬಾಟಲಿಯಲ್ಲಿ ಸಿಗುವುದಿಲ್ಲ, ಸಿಗಲು ಸಾಧ್ಯವೂ ಇಲ್ಲ. ನನಗೆ ಈ ಸಂಶೋಧನೆಯ ಮೇಲೆ ತುಂಬ ಗೌರವವಿದೆ. ಒಂದು ಕೆರೆಯ ಪಾಚಿಯಲ್ಲಿ ತಿಳಿದದ್ದು ನಾಳೆ ರೈತನ ಹೊಲಕ್ಕೆ ಬರಬಹುದೆಂಬ ನಂಬಿಕೆಯೇ ನನ್ನನ್ನೂ ಈ ಕೆಲಸದಲ್ಲಿ ಹಿಡಿದಿಟ್ಟಿದೆ. ಆದ್ದರಿಂದಲೇ ಅದರ ಹೆಸರಿನಲ್ಲಿ ಹೀಗೆ ಮಾರಾಟ ನಡೆಯುವುದನ್ನು ಕೇಳಿದಾಗ ನೋವಾಗುತ್ತದೆ.

ಜೀವಂತ ಪಾಚಿ ಎಲೆಯ ಮೇಲೆ ಕುಳಿತು ಬಳ್ಳಿಗೆ ಊಟ ಕೊಡುತ್ತದೆ ಎಂಬ ಮಾತು ಪೂರ್ತಿ ಸುಳ್ಳು. ಪಾಚಿ ತಯಾರಿಸುವ ಸಕ್ಕರೆ ಪಾಚಿಯ ಬೆಳವಣಿಗೆಗೆ. ಅದನ್ನು ದ್ರಾಕ್ಷಿ ಎಲೆಗೆ ದಾಟಿಸುವ ಯಾವ ವ್ಯವಸ್ಥೆಯೂ ಅವೆರಡರ ನಡುವೆ ಇಲ್ಲ, ಎಲೆಯ ಮೇಲಿನ ಮೇಣದ ಪದರ ಅಂಥ ಸಾಗಾಟಕ್ಕೆ ಎಡೆ ಕೊಡುವುದೂ ಇಲ್ಲ. ಜೊತೆಗೆ ಸಿಹಿನೀರಿನ ಪಾಚಿಗೆ ಸದಾ ತೇವ ಬೇಕು, ನಮ್ಮ ಒಣಗಾಳಿಯಲ್ಲಿ ಸಿಂಪಡಿಸಿದ ಹನಿ ಆರುವಷ್ಟರಲ್ಲಿ ಅದರ ಕೆಲಸ ನಿಂತಿರುತ್ತದೆ. ಪಾಚಿ ಬೆಳೆಗೆ ನೆರವಾಗುವ ಉದಾಹರಣೆಗಳು ಇಲ್ಲವೆಂದಲ್ಲ. ನೀರು ನಿಂತ ಭತ್ತದ ಗದ್ದೆಗಳು ಗೊಬ್ಬರವಿಲ್ಲದೆಯೂ ಸಾರ ಉಳಿಸಿಕೊಳ್ಳುವುದಕ್ಕೆ ಗಾಳಿಯ ಸಾರಜನಕವನ್ನು ಹಿಡಿಯುವ ನೀಲಿ-ಹಸಿರು ಪಾಚಿ ಕಾರಣವೆಂದು ನಮ್ಮ ದೇಶದವರೇ ಆದ ಪಿ. ಕೆ. ಡೇ 1939ರಲ್ಲಿ ತೋರಿಸಿದ್ದರು. ಆದರೆ ಅದು ಗದ್ದೆಯ ನಿಂತ ನೀರಿನ ವಿಷಯ, ಡ್ರಿಪ್ ಮೇಲೆ ನಿಂತ ದ್ರಾಕ್ಷಿಯದಲ್ಲ. ಇನ್ನು ಮಾರುಕಟ್ಟೆಯಲ್ಲಿ ಸಮುದ್ರದ ಪಾಚಿಯ ರಸ ಎಂದು ಸಿಗುವ ದ್ರಾವಣಗಳದ್ದು ಬೇರೆ ಮಾತು. ಅವುಗಳಲ್ಲಿ ಜೀವಂತ ಪಾಚಿ ಇರುವುದಿಲ್ಲ, ಅದರಿಂದ ತೆಗೆದ ಸಾರ ಇರುತ್ತದೆ, ಮತ್ತು ಕೆಲವು ಬೆಳೆಗಳಲ್ಲಿ ಬೇರಿನ ಬೆಳವಣಿಗೆಗೆ, ಬರ ಅಥವಾ ಶಾಖ ತಾಳಿಕೊಳ್ಳುವುದಕ್ಕೆ ಸ್ವಲ್ಪ ಮಟ್ಟಿನ ನೆರವು ಕಂಡುಬಂದಿದೆ. ಇಂಥ ಜೈವಿಕ ಉತ್ತೇಜಕಗಳನ್ನು 2021ರ ತಿದ್ದುಪಡಿಯ ಮೂಲಕ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತರಲಾಗಿದೆ. ಆದ್ದರಿಂದ ಬಾಟಲಿಯ ಮೇಲೆ ಒಳಗಿರುವ ವಸ್ತುಗಳ ಹೆಸರು ಮತ್ತು ಪ್ರಮಾಣ, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಕೆ ದಿನಾಂಕ ಇವೆಯೇ ನೋಡಿ, ಬಿಲ್ ಕೊಡಲು ಹಿಂಜರಿಯುವವರಿಂದ ಏನನ್ನೂ ಕೊಳ್ಳಬೇಡಿ. ಒಳಗೇನಿದೆ ಎಂದು ತಿಳಿಯದ ದ್ರಾವಣವನ್ನು ದ್ರಾಕ್ಷಿಗೆ ಹೊಡೆಯುವುದರ ದೊಡ್ಡ ಅಪಾಯ ಹಣ ಹೋಗುವುದಲ್ಲ. ಅದರಲ್ಲಿ ಹೇಳದೆ ಬೆರೆಸಿದ ಹಾರ್ಮೋನು ಅಥವಾ ಔಷಧ ಇದ್ದರೆ ಕಾಳಿನ ಆಕಾರವೂ ಕೆಡಬಹುದು, ಉಳಿಕೆ ಪರೀಕ್ಷೆಯಲ್ಲಿ ಇಡೀ ಮಾಲು ತಿರಸ್ಕೃತವಾಗಲೂಬಹುದು.

ನಿಮ್ಮ ಕಾಕಾನ ಕಬ್ಬು ಸೆಟೆದು ನಿಲ್ಲುವುದೇಕೆ ಎಂಬ ಪ್ರಶ್ನೆ ನನಗೆ ಬಹಳ ಹಿಡಿಸಿತು, ಏಕೆಂದರೆ ಸಸ್ಯವಿಜ್ಞಾನದ ಒಂದು ದೊಡ್ಡ ಸಂಗತಿ ತಿಳಿದದ್ದೇ ಕಬ್ಬಿನಿಂದ. 1965ರಲ್ಲಿ ಹವಾಯಿಯ ಕಬ್ಬು ಸಂಶೋಧಕರು, ಕಬ್ಬಿನಲ್ಲಿ ಇಂಗಾಲ ಮೊದಲು ಸೇರುವುದು ಕೆಲ್ವಿನ್ ತೋರಿಸಿದ ಮೂರು ಇಂಗಾಲದ ವಸ್ತುವಿನಲ್ಲಿ ಅಲ್ಲ, ನಾಲ್ಕು ಇಂಗಾಲದ ಆಮ್ಲದಲ್ಲಿ ಎಂದು ಪ್ರಕಟಿಸಿದರು. ಮರುವರ್ಷದಿಂದ ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲಾಕ್ ಆ ಮಾರ್ಗವನ್ನು ಪೂರ್ತಿ ಬಿಡಿಸಿದರು. ಕಬ್ಬು, ಜೋಳ, ಸಜ್ಜೆ, ಗೋವಿನಜೋಳ ಈ ಗುಂಪಿನವು. ಇವು ಎಲೆಯ ಹೊರಸುತ್ತಿನ ಕೋಶಗಳಲ್ಲಿ ಇಂಗಾಲವನ್ನು ಆಮ್ಲವಾಗಿ ಹಿಡಿದು, ನರಗಳ ಸುತ್ತಲಿರುವ ಒಳಗಿನ ಕೋಶಗಳಿಗೆ ಸಾಗಿಸಿ, ಅಲ್ಲಿ ಒತ್ತಾಗಿ ಬಿಡುಗಡೆ ಮಾಡುತ್ತವೆ. ರುಬಿಸ್ಕೊ ಇರುವುದು ಆ ಒಳಕೋಶಗಳಲ್ಲಿ. ಸುತ್ತ ಇಂಗಾಲದ ಡೈಆಕ್ಸೈಡ್ ಒತ್ತಾಗಿರುವುದರಿಂದ ಅದು ಆಮ್ಲಜನಕಕ್ಕೆ ಮೋಸ ಹೋಗುವುದಿಲ್ಲ. ಹೀಗಾಗಿ ಕಬ್ಬು ಪತ್ರರಂಧ್ರಗಳನ್ನು (ಗಾಳಿ ಒಳಬರುವ, ನೀರಾವಿ ಹೊರಹೋಗುವ ಎಲೆಯ ಸೂಕ್ಷ್ಮ ರಂಧ್ರಗಳನ್ನು) ಅರೆತೆರೆದಿಟ್ಟುಕೊಂಡೇ, ಅಂದರೆ ಕಡಿಮೆ ನೀರು ಕಳೆದುಕೊಂಡೇ, ಪೂರ್ಣ ಬಿಸಿಲಿನಲ್ಲಿ ದುಡಿಯಬಲ್ಲದು. ದ್ರಾಕ್ಷಿ, ದಾಳಿಂಬೆ, ಇಂಡಿ ತಾಲ್ಲೂಕಿನ ನಿಂಬೆ, ಕಡಲೆ, ತೊಗರಿ ಎಲ್ಲವೂ ಇನ್ನೊಂದು ಗುಂಪಿನವು, ಅವುಗಳಿಗೆ ಈ ಅನುಕೂಲವಿಲ್ಲ. ಒಂದು ಅಣು ಇಂಗಾಲದ ಡೈಆಕ್ಸೈಡ್ ಒಳಗೆ ಬರಲು ಅವು ನೂರಾರು ಅಣು ನೀರನ್ನು ಹೊರಬಿಡಬೇಕು. ಹಿಂಗಾರಿಯಲ್ಲಿ ಹಸಿ ಆರುತ್ತಿರುವ ಎರೆಭೂಮಿಯಲ್ಲಿಯೂ ನಮ್ಮ ಬಿಳಿಜೋಳ ಬರುವುದರಲ್ಲಿ ಈ ಗುಣದ ಪಾಲೂ ಇದೆ.

ಇನ್ನು ಮಧ್ಯಾಹ್ನದ ಜೋಲುವಿಕೆ. ದ್ರಾಕ್ಷಿಯ ಎಲೆಗೆ ಹಿತವಾದ ಉಷ್ಣಾಂಶ 25ರಿಂದ 30 ಡಿಗ್ರಿ ಸೆಲ್ಸಿಯಸ್, 35 ದಾಟಿದ ಮೇಲೆ ಅದರ ದುಡಿಮೆ ಇಳಿಯುತ್ತ ಹೋಗುತ್ತದೆ, ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಿನಲ್ಲಿ 40ರ ಆಸುಪಾಸು ಮುಟ್ಟುವುದು ವಿಶೇಷವೇನಲ್ಲ. ಬೇರು ಎಳೆಯುವ ನೀರಿಗಿಂತ ಎಲೆ ಬಿಡುವ ನೀರು ಹೆಚ್ಚಾದಾಗ ಎಲೆ ಜೋಲುತ್ತದೆ ಮತ್ತು ಪತ್ರರಂಧ್ರ ಮುಚ್ಚುತ್ತದೆ. ಜೋತು ಬಿದ್ದ ಎಲೆಗೆ ಬಿಸಿಲು ಓರೆಯಾಗಿ ತಾಗುವುದರಿಂದ ಅದೂ ಒಂದು ರಕ್ಷಣೆಯೇ. ಇಂಥ ಎಲೆಗಳಿಂದ ಹೊಮ್ಮುವ ನಸುಗೆಂಪು ಬೆಳಕನ್ನು ಅಳೆಯುವ ಸಣ್ಣ ಉಪಕರಣವೊಂದನ್ನು ನಾನು ತೋಟಗಳಿಗೆ ಒಯ್ಯುತ್ತೇನೆ. ಪತ್ರಹರಿತ್ತು ಹೀರಿದ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲು ಹೀಗೆ ಮರಳಿ ಹೊಮ್ಮುತ್ತದೆ, ಅದರಿಂದ ಎಲೆಯ ಒಳಗಿನ ಸ್ಥಿತಿ ತಿಳಿಯುತ್ತದೆ. ಹೀರಿದ ಬೆಳಕನ್ನು ಎಲೆ ಎಷ್ಟರ ಮಟ್ಟಿಗೆ ದುಡಿಮೆಗೆ ಬಳಸಬಲ್ಲದೆಂಬುದನ್ನು ಉಪಕರಣ ಅಂಕಿಯಾಗಿ ತೋರಿಸುತ್ತದೆ: ಆರೋಗ್ಯವಂತ ಎಲೆ ಬೆಳಗಿನ ಜಾವ 0.83ರ ಹತ್ತಿರದ ಅಂಕಿ ಕೊಡುತ್ತದೆ, ಮಧ್ಯಾಹ್ನ ಅದು ಇಳಿಯುತ್ತದೆ, ಸಂಜೆಯಿಂದ ಚೇತರಿಸಿಕೊಳ್ಳುತ್ತದೆ. ಮರುದಿನ ಬೆಳಗಿಗೂ ಚೇತರಿಸದಿದ್ದರೆ ಆಗ ಚಿಂತಿಸಬೇಕು. ನಿಮ್ಮ ಬಳಿ ಉಪಕರಣವಿಲ್ಲದಿದ್ದರೂ ಇದೇ ಪರೀಕ್ಷೆಯನ್ನು ಕಣ್ಣಿನಿಂದ ಮಾಡಬಹುದು: ಮಧ್ಯಾಹ್ನ ಮೂರಕ್ಕೆ ಜೋಲುವ ಎಲೆ ಬೆಳಗ್ಗೆ ಆರಕ್ಕೆ ಸೆಟೆದು ನಿಂತಿದ್ದರೆ ಬಳ್ಳಿ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಬೆಳಗ್ಗೆಯೂ ಜೋಲಿದ್ದರೆ ಬೇರಿನಲ್ಲಿ ನೀರಿನ ಕೊರತೆ, ಉಪ್ಪು, ಅಥವಾ ಬೇರಿನ ರೋಗ ಇದೆಯೇ ಎಂದು ಅಗೆದು ನೋಡಬೇಕು.

ನೆರಳು ಪರದೆಯ ವಿಷಯದಲ್ಲಿ ಅವಸರ ಬೇಡ ಎನ್ನುತ್ತೇನೆ. ಪರದೆ ಎಲೆಯ ಬಿಸಿಯನ್ನು ಇಳಿಸುತ್ತದೆ, ನೀರಿನ ಖರ್ಚನ್ನೂ ಕಡಿಮೆ ಮಾಡುತ್ತದೆ, ಅದು ನಿಜ. ಆದರೆ ಏಪ್ರಿಲ್ ಚಾಟ್ನಿಯ (ಕಡ್ಡಿ ಕತ್ತರಿಸುವ ಕೆಲಸದ) ನಂತರ ಬರುವ ಕಡ್ಡಿಗಳ ಕಣ್ಣುಗಳಲ್ಲಿ ಮುಂದಿನ ಹಂಗಾಮಿನ ಗೊನೆ ರೂಪುಗೊಳ್ಳುವುದು ಸುಮಾರು 40ರಿಂದ 60 ದಿನಗಳ ಅವಧಿಯಲ್ಲಿ, ಮತ್ತು ಆ ಕೆಲಸಕ್ಕೆ ಕಡ್ಡಿಯ ಮೇಲೆ ಒಳ್ಳೆಯ ಬೆಳಕು ಬೀಳಲೇಬೇಕು. ಆ ಸಮಯದಲ್ಲಿ ದಟ್ಟ ನೆರಳು ಮಾಡಿದರೆ ಅಕ್ಟೋಬರ್ ಚಾಟ್ನಿಯಲ್ಲಿ ಗೊನೆಯಿಲ್ಲದ ಚಿಗುರುಗಳನ್ನು ಎಣಿಸಬೇಕಾದೀತು. ಒಂದೇ ಎಲೆ ಬೆಳಕಿನಿಂದ ತುಂಬಿ ತುಳುಕುತ್ತಿದ್ದರೂ ಚಪ್ಪರದ ಕೆಳಗಿನ ಎಲೆಗಳು ಬೆಳಕಿಗೆ ಹಾತೊರೆಯುತ್ತಿರುತ್ತವೆ ಎಂಬುದನ್ನು ಮರೆಯಬಾರದು. ಆದ್ದರಿಂದ ಆ ಹಣವನ್ನು ಚಿಗುರು ತೆಳುಗೊಳಿಸಿ ಎಲೆಗಳನ್ನು ಹರಡಿ ಕಟ್ಟುವ ಕೂಲಿಗೆ ಕೊಟ್ಟರೆ ದ್ಯುತಿಸಂಶ್ಲೇಷಣೆ ಖಂಡಿತ ಹೆಚ್ಚುತ್ತದೆ. ಗೊನೆಗೆ 10ರಿಂದ 15 ಆರೋಗ್ಯವಂತ ಎಲೆಗಳಿದ್ದು ಅವಕ್ಕೆಲ್ಲ ಬೆಳಕು ತಾಗುವಂತಿದ್ದರೆ ಸಕ್ಕರೆಗೆ ಕೊರತೆಯಾಗದು. ಬುಡಕ್ಕೆ ಕಬ್ಬಿನ ರವದಿ ಹೊದಿಸುವುದು, ಡ್ರಿಪ್ ನೀರನ್ನು ಮಧ್ಯಾಹ್ನಕ್ಕೆ ಬಿಡದೆ ಬೆಳಗಿನ ಜಾವವೇ ಕೊಡುವುದು ಕೂಡ ಪತ್ರರಂಧ್ರಗಳನ್ನು ಇನ್ನೊಂದೆರಡು ತಾಸು ತೆರೆದಿಡುತ್ತವೆ. ಬೆಳಗಿನ ಆ ತಾಸುಗಳೇ ದಿನದ ಗಳಿಕೆಯಲ್ಲಿ ಬಹುಪಾಲು ತರುವಂಥವು.

ಎಲೆಯ ಬಣ್ಣದ ಬಗ್ಗೆ ನೀವು ಬರೆದಿಲ್ಲ, ಆದರೂ ಒಂದು ಮಾತು ಸೇರಿಸುತ್ತೇನೆ. ಸುಣ್ಣದ ಅಂಶ ಹೆಚ್ಚಿರುವ ನಮ್ಮ ಕಪ್ಪು ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಸುಲಭವಾಗಿ ಸಿಗುವುದಿಲ್ಲ. ಎಳೆಯ ಎಲೆಗಳ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾಗಿದ್ದರೆ ಕಬ್ಬಿಣದ ಕೊರತೆ, ಹಳೆಯ ಎಲೆಗಳಲ್ಲಿ ಹಾಗಿದ್ದರೆ ಮೆಗ್ನೀಸಿಯಂ ಕೊರತೆಯನ್ನು ಶಂಕಿಸಬೇಕು. ಪತ್ರಹರಿತ್ತಿನ ಕಣದ ನಡುವೆ ಇರುವುದೇ ಮೆಗ್ನೀಸಿಯಂ. ಎಲೆದೇಟಿನ ಪರೀಕ್ಷೆ ಮಾಡಿಸಿ, ಕೊರತೆ ಖಚಿತವಾದರೆ ಆ ಪೋಷಕಾಂಶವನ್ನಷ್ಟೇ ಸಿಂಪಡಿಸುವುದು ಲೀಟರಿಗೆ 1,800 ರೂಪಾಯಿಯ ಬಾಟಲಿಗಿಂತ ಬಹಳ ಅಗ್ಗ.

ಈಗ ಹೊಂಡ. ಭೂಮಿಯ ಮೇಲಿನ ದ್ಯುತಿಸಂಶ್ಲೇಷಣೆಯಲ್ಲಿ ಸರಿಸುಮಾರು ಅರ್ಧವನ್ನು ಸಮುದ್ರದ ಸೂಕ್ಷ್ಮ ಪಾಚಿಗಳೇ ಮಾಡುತ್ತವೆ, ಹಾಗಾಗಿ ಪಾಚಿ ಆಮ್ಲಜನಕ ಕೊಡುತ್ತದೆ ಎಂಬ ಮಾತು ಹಗಲಿನ ಮಟ್ಟಿಗೆ ನಿಜ. ಆದರೆ ರಾತ್ರಿ ಪಾಚಿಯೂ ಉಸಿರಾಡುತ್ತದೆ. ಹಸಿರು ಸಸ್ಯ ಬೆಳಕಿನಲ್ಲಿ ಮಾತ್ರ ಗಾಳಿಯನ್ನು ಶುದ್ಧಗೊಳಿಸುತ್ತದೆ, ಕತ್ತಲೆಯಲ್ಲಿ ಕೆಡಿಸುತ್ತದೆ ಎಂದು ಯಾನ್ ಇಂಗೆನ್‌ಹೌಸ್ 1779ರಲ್ಲೇ ತೋರಿಸಿದ್ದರು. ದಟ್ಟ ಹಸಿರು ಹೊಂಡದಲ್ಲಿ ಸಂಜೆಗೆ ಆಮ್ಲಜನಕ ತುಂಬಿರುತ್ತದೆ, ರಾತ್ರಿಯಿಡೀ ಪಾಚಿ, ಮೀನು, ತಳದ ಕೊಳೆ ಎಲ್ಲವೂ ಅದನ್ನು ಬಳಸುತ್ತ ಬಂದು, ಸೂರ್ಯ ಹುಟ್ಟುವ ಮುಂಚೆ ಅದು ಅತಿ ಕಡಿಮೆಯಾಗುತ್ತದೆ. ನಿಮ್ಮ ಮೀನುಗಳು ಬೆಳಗಿನ ಜಾವವೇ ಸತ್ತದ್ದು ಇದೇ ಕಾರಣವನ್ನು ತೋರಿಸುತ್ತದೆ. ಮಧ್ಯಾಹ್ನದ್ದು ಇನ್ನೊಂದು ತೊಂದರೆ: ಪಾಚಿ ನೀರಿನಲ್ಲಿ ಕರಗಿದ ಇಂಗಾಲವನ್ನು ಹೀರಿಬಿಡುವುದರಿಂದ ನೀರಿನ ಪಿ.ಎಚ್. 9ನ್ನೂ ದಾಟಬಹುದು, ಆಗ ನೀರಿನಲ್ಲಿರುವ ಅಮೋನಿಯಾ ಮೀನಿಗೆ ವಿಷವಾಗುವ ರೂಪಕ್ಕೆ ಹೆಚ್ಚು ಹೆಚ್ಚಾಗಿ ತಿರುಗುತ್ತದೆ.

ಮೈಲುತುತ್ತನ್ನು ದಯವಿಟ್ಟು ಹೊಂಡಕ್ಕೆ ಸುರಿಯಬೇಡಿ. ಅದು ಪಾಚಿಯನ್ನು ಕೊಲ್ಲುವುದು ನಿಜ, ಆದರೆ ಒಮ್ಮೆಲೇ ಸತ್ತ ಪಾಚಿ ತಳ ಸೇರಿ ಕೊಳೆಯುವಾಗ ಉಳಿದ ಆಮ್ಲಜನಕವೂ ಹೋಗಿ, ಬದುಕುಳಿದ ಮೀನುಗಳೂ ಸಾಯುತ್ತವೆ. ತಾಮ್ರ ತಾನೇ ಮೀನಿಗೆ ವಿಷ, ಮತ್ತು ಅದು ಕೊಳೆತು ಹೋಗುವ ವಸ್ತುವಲ್ಲ, ಬೋರ್ಡೋ ಮೂಲಕ ಈಗಾಗಲೇ ವರ್ಷವರ್ಷವೂ ತಾಮ್ರ ಸೇರುತ್ತಿರುವ ನಿಮ್ಮ ಮಣ್ಣಿಗೆ ಹೊಂಡದ ನೀರಿನ ಮೂಲಕ ಇನ್ನಷ್ಟು ಸೇರುತ್ತದೆ. ನೀರು ಗಡಸಾಗಿದ್ದರೆ ತಾಮ್ರ ತಳಕ್ಕೆ ಇಳಿದು ಕೆಲಸವೂ ಪೂರ್ತಿ ಆಗುವುದಿಲ್ಲ. ನೀಲಿ-ಹಸಿರು ಪಾಚಿಯಿದ್ದರೆ ಅದು ಒಡೆದಾಗ ಒಳಗಿನ ವಿಷ ನೀರಿಗೆ ಬರುತ್ತದೆ. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕೆನೆ ಕಟ್ಟಿ ಕೆಟ್ಟ ವಾಸನೆ ಬರುತ್ತಿದ್ದರೆ ಅಂಥ ಪಾಚಿಯೇ ಇರಬಹುದು, ಆಗ ದನಕರುಗಳಿಗೆ ಆ ನೀರು ಕುಡಿಸಬೇಡಿ, ಸತ್ತ ಮೀನುಗಳನ್ನು ತಿನ್ನಲೂಬೇಡಿ.

ಪಾಚಿಗೆ ಬೆಳಕು ಮತ್ತು ಗೊಬ್ಬರ ಎರಡೂ ಬೇಕು, ಎರಡರಲ್ಲಿ ಒಂದನ್ನು ತಡೆದರೆ ಸಾಕು. ನೆರಳು ಪರದೆಯನ್ನು ಬಳ್ಳಿಯ ಮೇಲೆ ಕಟ್ಟಿಸುವ ಬದಲು ಹೊಂಡದ ಮೇಲೆ ಎಳೆಸಿ, ಬೆಳಕು ತಗ್ಗುವುದರ ಜೊತೆಗೆ ಆವಿಯಾಗುವ ನೀರೂ ಉಳಿಯುತ್ತದೆ. ಇದು ಖರ್ಚಿನ ದಾರಿ, ಗಾಳಿಗೆ ಹರಿಯದಂತೆ ತಂತಿ ಬಿಗಿಯಬೇಕು. ಗೊಬ್ಬರ ಕಲಸಿದ ಡ್ರಮ್ಮುಗಳನ್ನು ಹೊಂಡದ ದಂಡೆಯಲ್ಲಿ ತೊಳೆಯುವುದು, ಕೊಟ್ಟಿಗೆಯ ಕಡೆಯ ಮಳೆನೀರು ಹೊಂಡಕ್ಕೆ ಹರಿಯುವುದು ನಿಲ್ಲಲಿ. ಮೀನು ಉಳಿಸಿಕೊಳ್ಳುವುದಾದರೆ ನಡುರಾತ್ರಿಯಿಂದ ಬೆಳಗಿನವರೆಗೆ ಪಂಪಿನಿಂದ ಅದೇ ನೀರನ್ನು ಮೇಲಿಂದ ಸುರಿಸಿ ಗಾಳಿ ಆಡಿಸಿ, ಮೀನಿಗೆ ತಿಂಡಿ ಹಾಕುವುದನ್ನು ಕೆಲದಿನ ಬಿಡಿ. ತೇಲುವ ಪಾಚಿಯನ್ನು ತಿನ್ನುವ ಬೆಳ್ಳಿಗೆಂಡೆ ಬಿಟ್ಟರೆ ಸ್ವಲ್ಪ ನೆರವಾದೀತು, ಆದರೆ ಅದರ ಹಿಕ್ಕೆಯೂ ಗೊಬ್ಬರವೇ ಆದ್ದರಿಂದ ಅದೊಂದನ್ನೇ ನಂಬಬೇಡಿ. ಡ್ರಿಪ್ಪಿಗೆ ನೀರನ್ನು ಮೇಲ್ಮೈಯಿಂದಾಗಲಿ ತಳದಿಂದಾಗಲಿ ಎಳೆಯದೆ ನಡುಮಟ್ಟದಿಂದ ಎಳೆಯಿರಿ, ಮರಳಿನ ಫಿಲ್ಟರನ್ನು ಹಿಮ್ಮುಖವಾಗಿ ತೊಳೆಯುವುದನ್ನು ತಪ್ಪಿಸಬೇಡಿ, ಇಲ್ಲವಾದರೆ ಸಾಲಿನುದ್ದಕ್ಕೂ ನೀರು ಒಯ್ಯುವ ಸಣ್ಣ ಕೊಳವೆಗಳಾದ ಲ್ಯಾಟರಲ್‌ಗಳ ಬಾಯಿ ಕಟ್ಟಿ ಬಳ್ಳಿಗಳು ಮಧ್ಯಾಹ್ನ ಮತ್ತಷ್ಟು ಜೋಲುತ್ತವೆ. ಈಗಲೇ ಕೆಲವು ಬಾಯಿಗಳು ಕಟ್ಟಿರಬಹುದು. ಜೋಲುವ ಬಳ್ಳಿಗಳು ಸಾಲಿನ ತುದಿಯಲ್ಲೇ ಹೆಚ್ಚಿವೆಯೇ ಎಂದು ಒಮ್ಮೆ ನಡೆದು ನೋಡಿ.

ಇಷ್ಟೆಲ್ಲ ಹೇಳಿದ ಮೇಲೂ ಲೇಬಲ್ ಸರಿಯಿರುವ ಸಮುದ್ರ ಪಾಚಿಯ ದ್ರಾವಣವೊಂದನ್ನು ಪರೀಕ್ಷಿಸಿ ನೋಡುವ ಮನಸ್ಸು ನಿಮಗಿದ್ದರೆ ತಡೆಯುವುದಿಲ್ಲ, ಆದರೆ ನಾಲ್ಕೂ ಎಕರೆಗೆ ಹೊಡೆಯಬೇಡಿ. ಅಕ್ಟೋಬರ್ ಚಾಟ್ನಿ ಒಂದೇ ದಿನ ಆದ, ಒಂದೇ ತಳಿಯ, ಬದುವಿನಿಂದ ದೂರವಿರುವ ಆರು ಸಾಲು ಆರಿಸಿ. ಒಂದು ಬಿಟ್ಟು ಒಂದರಂತೆ ಮೂರಕ್ಕೆ ದ್ರಾವಣ, ಮೂರಕ್ಕೆ ಅದೇ ದಿನ ಅದೇ ಪಂಪಿನಿಂದ ಅಷ್ಟೇ ಬರಿ ನೀರು ಸಿಂಪಡಿಸಿ. ಸಿಂಪಡಣೆಯಲ್ಲಿ ನೀರು ತಾನೇ ಎಲೆಯನ್ನು ತಂಪಾಗಿಸುವುದರಿಂದ ಬರಿ ನೀರಿನ ಸಾಲುಗಳಿಲ್ಲದೆ ಏನೂ ತಿಳಿಯುವುದಿಲ್ಲ. ಕಟಾವಿನಲ್ಲಿ ಪ್ರತಿ ಸಾಲಿನ ಇಪ್ಪತ್ತು ಗೊನೆಗಳ ತೂಕವನ್ನೂ, ಸಕ್ಕರೆಯ ಅಂಶ ಅಳೆಯುವ ಬ್ರಿಕ್ಸ್ ಮೀಟರಿನ ಅಂಕಿಯನ್ನೂ ಬರೆದಿಡಿ, ಮತ್ತು ಯಾವ ಸಾಲು ಯಾವುದೆಂದು ತೂಗುವವರಿಗೆ ಹೇಳಬೇಡಿ. ಆ ಅಂಕಿಗಳನ್ನು ನನಗೂ ಕಳಿಸಿಕೊಟ್ಟರೆ ಸಾಲುಗಳ ನಡುವಿನ ವ್ಯತ್ಯಾಸ ದ್ರಾವಣದ್ದೋ ಅಥವಾ ಸಾಲುಸಾಲಿಗೆ ಸಹಜವಾಗಿಯೇ ಇರುವಂಥದ್ದೋ ಎಂಬುದನ್ನು ಲೆಕ್ಕ ಹಾಕಿ ತಿಳಿಸುತ್ತೇನೆ.